ಕೊಚ್ಚೆಗಿಂತ ಹತ್ತಿರ ಇರಬೇಕಾದ ನೀರು

ಮಂಗಳೂರಿನಿಂದ ಬೆಂಗಳೂರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 75 ಉಪ್ಪಿನಂಗಡಿಯನ್ನು ದಾಟಿ ಶಿರಾಡಿ ಘಾಟಿಯತ್ತ ಸಾಗುವ ದಾರಿಯಲ್ಲಿ ಸಿಗುವ ನೆಲ್ಯಾಡಿ, ಹಿಂದೆ ಪುತ್ತೂರು ತಾಲ್ಲೂಕಿಗೆ ಸೇರಿದ್ದು ಈಗ ಕಡಬ ತಾಲ್ಲೂಕಿನ ಭಾಗವಾಗಿರುವ, ಅಡಿಕೆ, ತೆಂಗು, ರಬ್ಬರು ಮತ್ತು ಗೇರು ಬೆಳೆಯುವ ಊರು. ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುತ್ತದೆ ಮತ್ತು ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಸುರಿಯುವುದರಿಂದ, ಆ ಅವಧಿಯಲ್ಲಿ ಅಂಗಳ, ತೋಡು, ತೋಟದ ಕಣಿ, ಗುಡ್ಡದ ಇಳಿಜಾರು ಎಲ್ಲೆಡೆಯೂ ನೀರು ಕಾಣುತ್ತದೆ. ಇಂತಹ ಊರಿನಲ್ಲಿ ಕೋಳಿಗೆ ನೀರಿಡುವುದು ಒಂದು ಕೆಲಸವೆಂದು ತೋರದಿರುವುದು ಸಹಜ. ಬೆಳಿಗ್ಗೆ ಗೂಡಿನ ಬಾಗಿಲು ತೆಗೆದು ಹಿಡಿ ನುಚ್ಚನ್ನೋ ಭತ್ತವನ್ನೋ ಎರಚಿದರೆ ಸಾಕುವವರ ಪಾಲಿನ ಕರ್ತವ್ಯ ಮುಗಿಯಿತೆಂದೂ, ನೀರನ್ನು ಅದು ಎಲ್ಲಿಯಾದರೂ ಕುಡಿದುಕೊಳ್ಳುತ್ತದೆಂದೂ ಭಾವಿಸುವ ರೂಢಿ ಈ ಭಾಗದಲ್ಲಿ ಗಟ್ಟಿಯಾಗಿ ಬೇರೂರಿದೆ. ಕೋಳಿ ಎಲ್ಲಿಯಾದರೂ ಕುಡಿಯುತ್ತದೆ ಎಂಬುದು ನಿಜ. ಹಿತ್ತಲ ಕೋಳಿಗಳ ಕಾಯಿಲೆಗಳಲ್ಲಿ ಹಲವು ಅವುಗಳ ಮೈ ಸೇರುವುದು ಹಾಗೆ ಕುಡಿಯುವಾಗಲೇ ಎಂಬುದೂ ಅಷ್ಟೇ ನಿಜ. ಮಳೆನಾಡಿನಲ್ಲಿ ಕೊರತೆಯಿರುವುದು ನೀರಿಗಲ್ಲ, ಕೋಳಿಯ ಕೊಕ್ಕಿಗೆ ಎಟಕುವ ಜಾಗದಲ್ಲಿ ಶುದ್ಧ ನೀರಿಗೆ. ಆದ್ದರಿಂದ ಇಲ್ಲಿ ಶುದ್ಧ ನೀರನ್ನು ಒದಗಿಸುವುದೆಂದರೆ ಒಂದು ಪಾತ್ರೆಯನ್ನು ತುಂಬಿಡುವುದಷ್ಟೇ ಅಲ್ಲ, ಆ ಪಾತ್ರೆಯನ್ನು ಅಂಗಳದ ಕೊಚ್ಚೆಗಿಂತ ಹತ್ತಿರದಲ್ಲಿ, ಕೊಚ್ಚೆಗಿಂತ ತಂಪಾಗಿ, ಕೊಚ್ಚೆಗಿಂತ ಮೊದಲು ಸಿಗುವಂತೆ ಇಡುವುದು.

ಹಿತ್ತಲ ಕೋಳಿಸಾಕಣೆಯೆಂದರೆ ದೊಡ್ಡ ಶೆಡ್ಡುಗಳಲ್ಲಿ ಸಾವಿರಾರು ಹಕ್ಕಿಗಳನ್ನು ಕೂಡಿಹಾಕಿ ಬೆಳೆಸುವ ಉದ್ಯಮಕ್ಕೆ ಭಿನ್ನವಾಗಿ, ಮನೆಯ ಸುತ್ತ ಐದೋ ಹತ್ತೋ ಇಪ್ಪತ್ತೋ ಕೋಳಿಗಳನ್ನು ಹಗಲೆಲ್ಲ ಮೇಯಲು ಬಿಟ್ಟು ರಾತ್ರಿ ಗೂಡಿಗೆ ಸೇರಿಸುವ ಪದ್ಧತಿ. 2019ರ 20ನೇ ಜಾನುವಾರು ಗಣತಿಯ ಪ್ರಕಾರ ದೇಶದ ಸುಮಾರು 85 ಕೋಟಿ ಕೋಳಿ-ಬಾತುಗಳಲ್ಲಿ ಸುಮಾರು 31.7 ಕೋಟಿ ಇಂತಹ ಹಿತ್ತಲ ಹಕ್ಕಿಗಳಾಗಿದ್ದು, ಹಿಂದಿನ ಗಣತಿಗೆ ಹೋಲಿಸಿದರೆ ಅವುಗಳ ಸಂಖ್ಯೆ ಶೇಕಡ 46ರಷ್ಟು ಏರಿತ್ತು. ನೆಲ್ಯಾಡಿಯ ಸುತ್ತಲಿನ ತುಳು, ಬ್ಯಾರಿ, ಅರೆಭಾಷೆ ಮಾತನಾಡುವ ಮನೆಗಳಲ್ಲಿಯೂ, ಇಪ್ಪತ್ತನೆಯ ಶತಮಾನದಲ್ಲಿ ಕೇರಳದಿಂದ ಬಂದು ನೆಲೆಸಿ ರಬ್ಬರು ಬೆಳೆಸಿದ ಮಲೆಯಾಳಿ ಮನೆಗಳಲ್ಲಿಯೂ ಊರ ಕೋಳಿ ಸಾಮಾನ್ಯವಾಗಿ ಕಾಣಸಿಗುತ್ತದೆ. ಅದರ ಜೊತೆಗೆ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡು 1989ರಲ್ಲಿ ಬಿಡುಗಡೆಯಾದ ಗಿರಿರಾಜ ಮತ್ತು ಅನಂತರ ಬಂದ ಸ್ವರ್ಣಧಾರದಂತಹ ತಳಿಗಳೂ ಹಿತ್ತಲುಗಳಿಗೆ ಬಂದಿವೆ. ಈ ಸುಧಾರಿತ ತಳಿಗಳು ಊರ ಕೋಳಿಗಿಂತ ಬೇಗ ತೂಕ ಪಡೆಯುತ್ತವೆ ಮತ್ತು ಹೆಚ್ಚು ಮೊಟ್ಟೆಯಿಡುತ್ತವೆ. ಹಾಗೆಂದೇ ಅವುಗಳಿಗೆ ನೀರೂ ಹೆಚ್ಚು ಬೇಕು.

ಕೋಳಿಯ ದೇಹದಲ್ಲಿ ಮೂರರಲ್ಲಿ ಎರಡು ಭಾಗದಷ್ಟು ನೀರೇ ಇದ್ದು, ಅದು ಇಡುವ ಮೊಟ್ಟೆಯಲ್ಲಿಯೂ ನೀರಿನ ಪಾಲು ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಹಿತಕರವಾದ ಹವೆಯಲ್ಲಿ ಹಕ್ಕಿಯು ತಾನು ತಿನ್ನುವ ಮೇವಿನ ತೂಕದ ಒಂದೂವರೆಯಿಂದ ಎರಡು ಪಟ್ಟು ನೀರು ಕುಡಿಯುವುದರಿಂದ, ಬೆಳೆದ ಹೇಂಟೆಯೊಂದಕ್ಕೆ ದಿನಕ್ಕೆ 200ರಿಂದ 300 ಮಿಲಿಲೀಟರ್ ಬೇಕಾಗುತ್ತದೆ. ಏಪ್ರಿಲ್‌, ಮೇ ತಿಂಗಳ ಸೆಕೆಯಲ್ಲಿ ಈ ಪ್ರಮಾಣ ಇಮ್ಮಡಿಯಾಗಬಹುದು. ಕೋಳಿಗೆ ಬೆವರುವ ಶಕ್ತಿಯಿಲ್ಲ. ಅದರ ಮೈಯ ಉಷ್ಣತೆ ಸಹಜವಾಗಿಯೇ 41ರಿಂದ 42 ಡಿಗ್ರಿ ಸೆಲ್ಸಿಯಸ್ ಇರುವುದರಿಂದ, ಹೊರಗಿನ ಬಿಸಿ ಏರಿದಾಗ ಅದು ಕೊಕ್ಕು ತೆರೆದು ಏದುಸಿರು ಬಿಡುತ್ತ, ಗಂಟಲು ಮತ್ತು ಶ್ವಾಸಮಾರ್ಗದ ತೇವವನ್ನು ಆವಿಯಾಗಿಸಿ ಮೈಯನ್ನು ತಂಪು ಮಾಡಿಕೊಳ್ಳುತ್ತದೆ. ಹೀಗೆ ಕಳೆದುಕೊಂಡ ನೀರನ್ನು ಕೂಡಲೇ ತುಂಬಿಕೊಳ್ಳಲಾಗದಿದ್ದರೆ, ದೇಹದ ನೀರಿನಲ್ಲಿ ಹತ್ತರಲ್ಲೊಂದು ಪಾಲು ಹೋಗುವ ಹೊತ್ತಿಗೆ ಹಕ್ಕಿ ತೀವ್ರವಾಗಿ ಬಳಲುತ್ತದೆ, ಐದರಲ್ಲೊಂದು ಪಾಲು ಹೋದರೆ ಸಾಯುತ್ತದೆ. ಒಂದೂವರೆ ದಿನ ನೀರು ಸಿಗದ ಹೇಂಟೆ ಮೊಟ್ಟೆಯಿಡುವುದನ್ನು ನಿಲ್ಲಿಸಿ ಪುಕ್ಕ ಉದುರಿಸಲು ತೊಡಗಬಹುದು ಮತ್ತು ಅದು ಮತ್ತೆ ಮೊಟ್ಟೆಗೆ ಬರಲು ವಾರಗಳೇ ಹಿಡಿಯಬಹುದು. ಬೇಸಿಗೆಯಲ್ಲಿ ಕೋಳಿಗಳು ಮೊಟ್ಟೆ ಕಡಿಮೆ ಮಾಡುವುದಕ್ಕೆ ಸೆಕೆಯೊಂದನ್ನೇ ದೂರುವ ಮುನ್ನ, ಮಧ್ಯಾಹ್ನ ಅವುಗಳ ಪಾತ್ರೆಯಲ್ಲಿ ನೀರಿತ್ತೇ ಎಂದು ನೋಡಬೇಕಾದುದು ಈ ಕಾರಣಕ್ಕೆ.

ನೀರು ಕುಡಿಯುವ ರೀತಿಯೂ ಇಲ್ಲಿ ಗಮನಾರ್ಹ. ಪಾರಿವಾಳವು ಕೊಕ್ಕನ್ನು ಮುಳುಗಿಸಿ ನೀರನ್ನು ಹೀರಬಲ್ಲುದು. ಕೋಳಿಯು ಕೆಳಕೊಕ್ಕಿನಲ್ಲಿ ತುಸು ನೀರನ್ನು ಮೊಗೆದು, ತಲೆಯೆತ್ತಿ ಗಂಟಲಿಗೆ ಇಳಿಸಿಕೊಳ್ಳಬೇಕು. ಆದ್ದರಿಂದ ಅದು ಪ್ರತಿ ಗುಟುಕಿಗೂ ತಲೆ ತಗ್ಗಿಸಿ ಎತ್ತುತ್ತದೆ ಮತ್ತು ಹೀಗೆ ಹತ್ತಾರು ಬಾರಿ ಕೊಕ್ಕು ಅದ್ದುವಾಗ ಬಾಯಲ್ಲಿದ್ದ ಮೇವಿನ ಚೂರು, ಮೂಗಿನ ಸಿಂಬಳ, ಕೊಕ್ಕಿಗಂಟಿದ ಮಣ್ಣು ಎಲ್ಲವೂ ಸ್ವಲ್ಪಸ್ವಲ್ಪವಾಗಿ ಪಾತ್ರೆಯ ನೀರಿಗೆ ಸೇರುತ್ತವೆ. ಒಂದು ಹಕ್ಕಿಗೆ ಶೀತವಾದರೆ ಎರಡು ದಿನದಲ್ಲಿ ಇಡೀ ಹಿಂಡು ಮುಖ ಊದಿಸಿಕೊಂಡು ನಿಲ್ಲುವುದಕ್ಕೆ ಹೀಗೆ ಹಂಚಿಕೊಂಡ ನೀರು ಒಂದು ಮುಖ್ಯ ಕಾರಣ.

ನೆಲ್ಯಾಡಿಯಂತಹ ಊರಿನ ಕೋಳಿ ಮಳೆಗಾಲದಲ್ಲಿ ನಿಜವಾಗಿ ಕುಡಿಯುವ ನೀರು ಯಾವುದೆಂದು ನೋಡಿದರೆ ಸಮಸ್ಯೆಯ ಸ್ವರೂಪ ತಿಳಿಯುತ್ತದೆ. ಹಂಚಿನ ಮಾಡಿನಿಂದ ಬಿದ್ದ ನೀರು ನೆಲವನ್ನು ಕೊರೆದು ಮಾಡಿದ ಸಾಲುಗುಳಿಗಳಲ್ಲಿ ಒಂದಿಷ್ಟು ನಿಂತಿರುತ್ತದೆ ಮತ್ತು ಕೋಳಿಗಳು ಮಳೆಗೆ ಆಸರೆ ಹುಡುಕಿ ನಿಲ್ಲುವುದು ಆ ಸೂರಿನಡಿಯಲ್ಲೇ ಆದ್ದರಿಂದ ಅವುಗಳ ಹಿಕ್ಕೆಯೂ ಅಲ್ಲೇ ಬೀಳುತ್ತದೆ. ಹಟ್ಟಿಯಿಂದ ಹರಿದು ಬರುವ ಗಂಜಳ, ಸೊಪ್ಪುಗೊಬ್ಬರದ ಗುಂಡಿಯಂಚಿನ ಕಪ್ಪು ನೀರು, ಬಟ್ಟೆಯೊಗೆಯುವ ಕಲ್ಲಿನ ಬುಡದ ಸೋಪಿನ ನೀರು, ಪಾತ್ರೆ ತೊಳೆದು ಚೆಲ್ಲಿದ ಜಾಗದ ಅನ್ನದಗುಳಿನ ನೀರು ಇವೆಲ್ಲವೂ ಹಿತ್ತಲಿನಲ್ಲೇ ಇವೆ. ಕೋಳಿಗೆ ರುಚಿಯ ಮೊಗ್ಗುಗಳು ಮನುಷ್ಯರಿಗಿಂತ ಬಹಳ ಕಡಿಮೆ. ನೀರಿನ ಕೊಳಕನ್ನು ಅದು ನಾಲಿಗೆಯಿಂದ ಗುರುತಿಸಿ ದೂರವಿಡುತ್ತದೆಂದು ನಂಬುವಂತಿಲ್ಲ. ಆದರೆ ನೀರಿನ ಬಿಸಿಯನ್ನು ಅದು ಚೆನ್ನಾಗಿ ಅರಿಯಬಲ್ಲುದು. ಬಿಸಿಲಿನಲ್ಲಿ ಕಾದ ಪಾತ್ರೆಯ ನೀರನ್ನು ಬಿಟ್ಟು ಬಾಳೆಯ ಬುಡದ ತಂಪಾದ ಕೊಚ್ಚೆಗೆ ಹೋಗುವುದು ಅದರ ದೇಹದ ಮಟ್ಟಿಗೆ ಸರಿಯಾದ ತೀರ್ಮಾನವೇ ಆಗಿದೆ. ತಪ್ಪು, ಪಾತ್ರೆಯನ್ನು ಬಿಸಿಲಿಗಿಟ್ಟವರದು.

ಇವುಗಳ ಜೊತೆಗೆ ಈ ಸೀಮೆಯ ಬೆಳೆಗಳಿಗೇ ಸೇರಿದ ಎರಡು ಅಪಾಯಗಳಿವೆ. ಅಡಿಕೆಯ ಕೊಳೆರೋಗವನ್ನು ತಡೆಯಲು ಮಳೆಗಾಲದ ಹೊಸ್ತಿಲಲ್ಲಿ ಒಮ್ಮೆ, ಸುಮಾರು 40ರಿಂದ 45 ದಿನಗಳ ಅನಂತರ ಮತ್ತೊಮ್ಮೆ ಬೋರ್ಡೋ ದ್ರಾವಣವನ್ನು ಸಿಂಪಡಿಸುತ್ತಾರೆ. ಊರಿನ ಮಾತಿನಲ್ಲಿ ಇದು ಮದ್ದು ಬಿಡುವ ಕೆಲಸ. ಶೇಕಡ ಒಂದರ ಈ ದ್ರಾವಣಕ್ಕೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಬೀಳುತ್ತವೆ. ಮೈಲುತುತ್ತಿನ ತೂಕದಲ್ಲಿ ಕಾಲುಭಾಗ ತಾಮ್ರವಾದ್ದರಿಂದ ಒಂದು ಲೀಟರ್ ದ್ರಾವಣದಲ್ಲಿ ಸುಮಾರು 2500 ಮಿಲಿಗ್ರಾಂ ತಾಮ್ರವಿರುತ್ತದೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಸಂಸ್ಥೆಯು ಬೇರೆ ನೀರಿನ ಮೂಲವಿಲ್ಲದಾಗಲೂ ಮೀರಬಾರದೆಂದು ಇಟ್ಟಿರುವ ಮಿತಿ ಲೀಟರಿಗೆ 1.5 ಮಿಲಿಗ್ರಾಂ ಮಾತ್ರ. ಮದ್ದು ಕಲಸಿದ ಪೀಪಾಯಿ ಅಂಗಳದಲ್ಲಿ ಮಳೆಗೆ ತೆರೆದುಕೊಂಡಿದ್ದಾಗ ಅದರ ತಳದಲ್ಲಿ ಸೇರುವ ತಿಳಿನೀಲಿ ನೀರು, ತೊಳೆದು ಚೆಲ್ಲಿದ ಜಾಗದ ಗುಳಿ, ಗೊನೆಗಳಿಂದ ತೊಟ್ಟಿಕ್ಕಿ ಮರದ ಬುಡದ ಹಾಳೆಯಲ್ಲಿ ನಿಂತ ನೀರು ಇವೆಲ್ಲ ಕೋಳಿಗೆ ನಿಷಿದ್ಧವಾಗಬೇಕು. ಮದ್ದು ಬಿಡುವ ದಿನ ಮತ್ತು ಮರುದಿನ ಕೋಳಿಗಳನ್ನು ಗೂಡಿನಲ್ಲೇ ಉಳಿಸಿ ಮೇವು-ನೀರು ಕೊಡುವುದು ದೊಡ್ಡ ಶ್ರಮದ ಕೆಲಸವಲ್ಲ.

ರಬ್ಬರು ತೋಟದ ಮನೆಗಳಲ್ಲಿ ಅಪಾಯದ ಬಗೆ ಬೇರೆ. ಮರದಿಂದ ಇಳಿಸಿದ ಹಾಲನ್ನು ಹೆಪ್ಪುಗಟ್ಟಿಸಲು ನೀರು ಬೆರೆಸಿದ ಫಾರ್ಮಿಕ್ ಆಸಿಡ್ ಹಾಕುತ್ತಾರೆ. ಗಟ್ಟಿಯಾದ ರಬ್ಬರನ್ನು ಯಂತ್ರದಲ್ಲಿ ಒತ್ತಿ ಶೀಟು ಮಾಡುವಾಗ ಉಳಿದ ಹುಳಿನೀರು ಹೊರಬರುತ್ತದೆ. ಆ ನೀರಿನಲ್ಲಿ ಆಮ್ಲದ ಶೇಷವಷ್ಟೇ ಅಲ್ಲದೆ ರಬ್ಬರು ಹಾಲಿನ ಪ್ರೋಟೀನ್, ಸಕ್ಕರೆಗಳೂ ಇರುವುದರಿಂದ ಅದು ಬೇಗ ಕೊಳೆತು ನಾರುತ್ತದೆ ಮತ್ತು ಅದಕ್ಕೆ ಮುತ್ತುವ ಹುಳುಗಳನ್ನು ಆರಿಸಲು ಕೋಳಿಗಳು ಅಲ್ಲಿಗೇ ಹೋಗುತ್ತವೆ. ಶೀಟು ಒತ್ತುವ ಜಾಗದ ನೀರನ್ನು ಮುಚ್ಚಿದ ಗುಂಡಿಗೆ ಇಳಿಸುವುದು, ಆಸಿಡ್ ಬಂದ ಕ್ಯಾನುಗಳನ್ನು ಎಷ್ಟೇ ತೊಳೆದರೂ ನೀರಿನ ಪಾತ್ರೆಯಾಗಿ ಬಳಸದಿರುವುದು ಇಲ್ಲಿನ ಕನಿಷ್ಠ ಎಚ್ಚರ. ತೆರೆದ ನೀರಿನ ಮೇಲೆ ಬೀಳುವ ವಿಷ ಎಂತಹುದೆಂಬುದನ್ನು ಈ ಪ್ರದೇಶಕ್ಕೆ ಹೊಸದಾಗಿ ಹೇಳಬೇಕಾಗಿಲ್ಲ. ನೆಲ್ಯಾಡಿಗೆ ನೆರೆಯಾದ, ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡದ ಸುತ್ತಮುತ್ತ ಗೇರು ತೋಟಗಳ ಮೇಲೆ ಆಕಾಶದಿಂದ ಎಂಡೋಸಲ್ಫಾನ್ ಸಿಂಪಡಿಸಿದ ಕಾಲದ ನೋವನ್ನು ಅಲ್ಲಿನ ಕುಟುಂಬಗಳು ಇಂದಿಗೂ ಅನುಭವಿಸುತ್ತಿವೆ. ಆ ಕೀಟನಾಶಕವನ್ನು ಸುಪ್ರೀಂ ಕೋರ್ಟು ದೇಶದಾದ್ಯಂತ ತಡೆದದ್ದು 2011ರ ಮೇ ತಿಂಗಳಿನಲ್ಲಿ.

ನೀರಿನ ಮೂಲಕ ಹರಡುವ ರೋಗಗಳಲ್ಲಿ ಮರಿಗಳನ್ನು ಹೆಚ್ಚು ಕಾಡುವುದು ರಕ್ತಭೇದಿ, ಅಂದರೆ ಕಾಕ್ಸಿಡಿಯೋಸಿಸ್. ಐಮೇರಿಯಾ ಎಂಬ ಏಕಕೋಶ ಪರಾವಲಂಬಿಯ ಅಂಡಕೋಶಗಳು ಹಿಕ್ಕೆಯ ಮೂಲಕ ಹೊರಬಂದು, ತೇವ ಮತ್ತು ಬೆಚ್ಚನೆಯ ಹವೆ ಸಿಕ್ಕಿದರೆ ಒಂದೆರಡು ದಿನಗಳಲ್ಲಿ ಸೋಂಕು ತಗುಲಿಸುವ ಸ್ಥಿತಿಗೆ ಬರುತ್ತವೆ. ಅವುಗಳನ್ನು ನುಂಗಿದ ಮರಿಯ ಕರುಳಿನ ಗೋಡೆ ಹರಿದು ರಕ್ತ ಬೆರೆತ ಭೇದಿಯಾಗುತ್ತದೆ. ಜೂನ್, ಜುಲೈ ತಿಂಗಳ ನೆಲ್ಯಾಡಿಯ ಅಂಗಳ ಈ ಅಂಡಕೋಶಗಳಿಗೆ ಹೇಳಿ ಮಾಡಿಸಿದ ಜಾಗ. ಇಲ್ಲಿ ಸ್ಪಷ್ಟವಾಗಿ ತಿಳಿದಿರಬೇಕಾದ ಸಂಗತಿಯೆಂದರೆ, ಈ ಅಂಡಕೋಶಗಳ ಹೊರಕವಚ ಬಹಳ ಗಟ್ಟಿಯಾಗಿದ್ದು ಕುಡಿಯುವ ನೀರಿಗೆ ಹಾಕುವ ಪ್ರಮಾಣದ ಕ್ಲೋರಿನ್‌ಗೆ ಅವು ಸಾಯುವುದಿಲ್ಲ. ಆದ್ದರಿಂದ ರಕ್ತಭೇದಿಗೆ ತಡೆಯೆಂದರೆ ಹಿಕ್ಕೆಯು ನೀರಿಗೆ ಬೀಳದಂತೆ ನೋಡಿಕೊಳ್ಳುವುದು ಮತ್ತು ಪಾತ್ರೆಯ ಸುತ್ತಲಿನ ನೆಲವನ್ನು ಒಣಗಿಸಿಡುವುದು. ನೀರಿಗೆ ಬೆರೆಸುವ ಪುಡಿಯಿಂದ ಈ ಕೆಲಸ ಆಗದು.

ರಾಣಿಖೇತ್ ಎಂದು ಪಶುಸಂಗೋಪನಾ ಇಲಾಖೆಯವರು ಹೇಳುವ, ಕನ್ನಡದಲ್ಲಿ ಕೊಕ್ಕರೆ ರೋಗವೆನ್ನುವ ಕಾಯಿಲೆ ವೈರಾಣುವಿನಿಂದ ಬರುವಂಥದು. ಅದು ಹಸಿರು ಭೇದಿ, ಉಸಿರಾಟದ ತೊಂದರೆ, ಕತ್ತು ತಿರುಚುವಿಕೆಗಳನ್ನು ಉಂಟುಮಾಡಿ ಲಸಿಕೆಯಿಲ್ಲದ ಹಿಂಡನ್ನು ಕೆಲವೇ ದಿನಗಳಲ್ಲಿ ಮುಗಿಸಬಲ್ಲುದು. ರೋಗಿಷ್ಠ ಹಕ್ಕಿಯ ಹಿಕ್ಕೆ ಮತ್ತು ಸಿಂಬಳ ಬೆರೆತ ನೀರು ಅದರ ಹರಡುವಿಕೆಗೆ ಒಂದು ದಾರಿ. ಕೋಳಿಗಳ ಕಾಲರಾ, ಟೈಫಾಯಿಡ್, ನೆಗಡಿ ರೋಗಗಳೂ ಹಂಚಿಕೊಂಡ ಪಾತ್ರೆಯಿಂದ ಸಾಗುತ್ತವೆ. ತುಳುನಾಡಿನ ಕೋಳಿ ಅಂಕದ, ಅಂದರೆ ಕೋಳಿ ಕಾಳಗದ, ಕಣಗಳಲ್ಲಿ ಬೇರೆ ಬೇರೆ ಊರುಗಳ ಹುಂಜಗಳು ಒಂದೇ ಬಾಲ್ದಿಯ ನೀರು ಕುಡಿದು ಮರಳುವುದನ್ನು ಈ ದೃಷ್ಟಿಯಿಂದ ನೋಡಬೇಕು: ಕಾನೂನಿನ ಮಾತು ಬದಿಗಿರಲಿ, ಹಾಗೆ ಮರಳಿದ ಹುಂಜವನ್ನಾಗಲಿ, ಸಂತೆಯಿಂದ ತಂದ ಕೋಳಿಯನ್ನಾಗಲಿ ಎರಡು ವಾರ ಬೇರೆ ಗೂಡಿನಲ್ಲಿ, ಬೇರೆ ಪಾತ್ರೆಯಲ್ಲಿ ನೀರು ಕೊಟ್ಟು ಇಡದಿದ್ದರೆ ಮನೆಯ ಹಿಂಡನ್ನು ಕಾಪಾಡುವುದು ಕಷ್ಟ. ಕೋಳಿ ಸಿಡುಬಿನ ಸಂಬಂಧ ನೀರಿನೊಂದಿಗೆ ಪರೋಕ್ಷವಾದುದು. ಜುಟ್ಟು ಮತ್ತು ಕಣ್ಣಿನ ಸುತ್ತ ಗುಳ್ಳೆ ಏಳಿಸುವ ಆ ವೈರಾಣುವನ್ನು ಸೊಳ್ಳೆಗಳು ಹಕ್ಕಿಯಿಂದ ಹಕ್ಕಿಗೆ ಒಯ್ಯುತ್ತವೆ ಮತ್ತು ಗೆರಟೆ, ರಬ್ಬರು ಚಿಪ್ಪು, ಮರೆತುಹೋದ ಕೋಳಿಪಾತ್ರೆಗಳಲ್ಲಿ ನಿಂತ ನೀರೇ ಸೊಳ್ಳೆಗಳ ತವರು.

ಹಾಗಾದರೆ ಶುದ್ಧ ನೀರು ಎಲ್ಲಿಂದ ತರಬೇಕು ಎಂಬ ಪ್ರಶ್ನೆಗೆ ಹೆಚ್ಚಿನ ಮನೆಗಳಲ್ಲಿ ಉತ್ತರ ಮನೆಯ ಬಾವಿಯೇ. ಈ ಪ್ರದೇಶದ ನೆಲ ಮುರಕಲ್ಲಿನದು; ಕಬ್ಬಿಣಾಂಶ ತುಂಬಿದ, ತೂತುತೂತಾದ ಈ ಕೆಂಪುಕಲ್ಲಿನ ಮೂಲಕ ಮಳೆನೀರು ಬೇಗ ಇಳಿಯುತ್ತದೆ. ಬೇಗ ಇಳಿಯುವ ನೀರು ಚೆನ್ನಾಗಿ ಸೋಸಿಹೋಗದ ಕಾರಣ, ಶೌಚದ ಗುಂಡಿಯೋ ಹಟ್ಟಿಯ ಗೊಬ್ಬರದ ಗುಂಡಿಯೋ ಬಾವಿಗೆ ಹತ್ತಿರವಿದ್ದರೆ ಅದರ ರೋಗಾಣುಗಳು ಮಳೆಗಾಲದಲ್ಲಿ ಬಾವಿಗೆ ಸೇರಬಹುದು. ನೀರು ನೆಲಮಟ್ಟದವರೆಗೂ ಏರಿದ ತಿಂಗಳುಗಳಲ್ಲಿ ಈ ಸಾಧ್ಯತೆ ಇನ್ನೂ ಹೆಚ್ಚು. ಇದನ್ನು ಕಣ್ಣಿನಿಂದ ತಿಳಿಯಲಾಗದು. 1982ರಲ್ಲಿ ಗ್ವಾಲಿಯರಿನ ರಕ್ಷಣಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ರೂಪಿಸಿದ ಒಂದು ಸರಳ ಪರೀಕ್ಷೆಯಲ್ಲಿ, ಔಷಧಿ ಸವರಿದ ಕಾಗದವಿರುವ ಪುಟ್ಟ ಬಾಟಲಿಗೆ ನೀರು ತುಂಬಿ ಒಂದೆರಡು ದಿನ ಬೆಚ್ಚಗಿಟ್ಟರೆ, ಮಲಮೂಲದ ಬ್ಯಾಕ್ಟೀರಿಯಾಗಳಿದ್ದ ಪಕ್ಷದಲ್ಲಿ ಅವು ಬಿಡುವ ಹೈಡ್ರೋಜನ್ ಸಲ್ಫೈಡ್ ಅನಿಲದಿಂದ ನೀರು ಕಪ್ಪಾಗುತ್ತದೆ. 2019ರಲ್ಲಿ ಆರಂಭವಾದ ಜಲಜೀವನ್ ಮಿಷನ್‌ ಯೋಜನೆಯಲ್ಲಿ ಗ್ರಾಮಮಟ್ಟದ ನೀರಿನ ಪರೀಕ್ಷೆಗೆ ಈ ಬಗೆಯ ಬಾಟಲಿಗಳು ಬಳಕೆಯಲ್ಲಿವೆ. ಮನೆಯ ಬಾವಿಯ ನೀರನ್ನು ಮಳೆಗಾಲದಲ್ಲಿ ಒಮ್ಮೆ, ಬೇಸಿಗೆಯಲ್ಲಿ ಒಮ್ಮೆ ಹೀಗೆ ನೋಡುವುದು ಕೋಳಿಗಿಂತ ಮೊದಲು ಮನೆಯವರಿಗೇ ಒಳ್ಳೆಯದು.

ಬಾವಿಯ ಶುದ್ಧೀಕರಣಕ್ಕೆ ಬ್ಲೀಚಿಂಗ್ ಪುಡಿ ಸುಲಭವಾಗಿ ಸಿಗುತ್ತದೆ, ಆದರೆ ಅದನ್ನು ಅಂದಾಜಿನಲ್ಲಿ ಸುರಿಯುವುದೇ ಹೆಚ್ಚು. ಮೂರನೇ ಒಂದು ಭಾಗ ಕ್ಲೋರಿನ್ ಇರುವ ಒಳ್ಳೆಯ ಪುಡಿಯಾದರೆ ಸಾಮಾನ್ಯವಾಗಿ 1000 ಲೀಟರಿಗೆ 2.5 ಗ್ರಾಂ ಸಾಕು. ಮೂರು ಮೀಟರ್ ಅಡ್ಡಳತೆಯ ಬಾವಿಯಲ್ಲಿ ಎರಡು ಮೀಟರ್ ನೀರಿದ್ದರೆ ಅದು ಸುಮಾರು 14,000 ಲೀಟರ್ ಆಗಿ 35 ಗ್ರಾಂ ಪುಡಿ ಬೇಕಾಗುತ್ತದೆ. ಅದೇ ಬಾವಿಯಲ್ಲಿ ಮಳೆಗಾಲಕ್ಕೆ ಆರು ಮೀಟರ್ ನೀರೇರಿದಾಗ ಸುಮಾರು 105 ಗ್ರಾಂ ಬೇಕು. ಬೇಸಿಗೆಯ ಅಳತೆಯನ್ನೇ ಮಳೆಗಾಲಕ್ಕೂ ಹಾಕುವವರು ರೋಗಾಣು ಹೆಚ್ಚಿರುವ ಕಾಲದಲ್ಲೇ ಮೂರನೇ ಒಂದು ಪಾಲು ಮದ್ದು ಹಾಕಿದಂತಾಗುತ್ತದೆ. ಪುಡಿಯನ್ನು ಬಾಲ್ದಿಯಲ್ಲಿ ಸ್ವಲ್ಪ ನೀರಿನೊಂದಿಗೆ ಕಲಸಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿಯನ್ನಷ್ಟೇ ಇನ್ನೊಂದು ಬಾಲ್ದಿಗೆ ಬಸಿದು ಬಾವಿಗಿಳಿಸಿ ಚೆನ್ನಾಗಿ ಕದಡಬೇಕು. ಅನಂತರ ಕನಿಷ್ಠ ಒಂದು ಗಂಟೆ ನೀರು ಸೇದಬಾರದು. ಕರಾವಳಿಯ ತೇವದ ಗಾಳಿಗೆ ತೆರೆದಿಟ್ಟ ಬ್ಲೀಚಿಂಗ್ ಪುಡಿ ಬೇಗ ತನ್ನ ಶಕ್ತಿ ಕಳೆದುಕೊಳ್ಳುವುದರಿಂದ, ಕಳೆದ ವರ್ಷ ಉಳಿದ ಕಟ್ಟನ್ನು ನಂಬುವುದು ಸಲ್ಲ. ಬಾವಿಗೆ ಪುಡಿ ಹಾಕಲು ಮನಸ್ಸಿಲ್ಲದವರು ಕೋಳಿಯ ನೀರನ್ನಷ್ಟೇ ಬೇರೆಯಾಗಿ ಶುದ್ಧಗೊಳಿಸಬಹುದು. ಅರ್ಧ ಗ್ರಾಮಿನ ಒಂದು ಕ್ಲೋರಿನ್ ಮಾತ್ರೆ 20 ಲೀಟರ್ ನೀರಿಗೆ ಸಾಕಾಗುತ್ತದೆ.

ಮುರಕಲ್ಲಿನ ಬಾವಿಯ ನೀರು ಸಾಮಾನ್ಯವಾಗಿ ತುಸು ಆಮ್ಲೀಯವಾಗಿರುತ್ತದೆ. ಕುಡಿಯುವ ನೀರಿನ ಆಮ್ಲ-ಕ್ಷಾರ ಮಾನಕ್ಕೆ, ಅಂದರೆ ಪಿಎಚ್‌ಗೆ, ಭಾರತೀಯ ಮಾನಕವು 6.5ರಿಂದ 8.5ರವರೆಗಿನ ವ್ಯಾಪ್ತಿಯನ್ನು ಹೇಳುತ್ತದೆ, ಇಲ್ಲಿನ ಅನೇಕ ಬಾವಿಗಳ ನೀರು ಅದರ ಕೆಳಗಿನ ಅಂಚಿಗೆ ಹತ್ತಿರವೋ ಅದಕ್ಕೂ ಕೆಳಗೋ ಇರುತ್ತದೆ. ಇಂತಹ ನೀರಿನಲ್ಲಿ ಕ್ಲೋರಿನ್ ಹೆಚ್ಚು ಪರಿಣಾಮಕಾರಿಯಾಗಿ ಕೆಲಸ ಮಾಡುತ್ತದೆ ಎಂಬುದು ಒಂದು ಅನುಕೂಲ. ಆದರೆ ತಗಡಿನ ಪಾತ್ರೆಯ ಸತುವಿನ ಲೇಪವನ್ನು ಅದು ನಿಧಾನವಾಗಿ ಕರಗಿಸುವುದರಿಂದ ಕೋಳಿಗೆ ಮಣ್ಣಿನ, ಪ್ಲಾಸ್ಟಿಕ್ಕಿನ ಅಥವಾ ಸ್ಟೀಲಿನ ಪಾತ್ರೆಯೇ ಲೇಸು. ಕೊಳವೆಬಾವಿಯ ನೀರಿನಲ್ಲಿ ಕಬ್ಬಿಣ ಹೆಚ್ಚಿದ್ದರೆ ಸಮಸ್ಯೆ ಬೇರೆಯಾಗುತ್ತದೆ: ಗಾಳಿ ಸೋಕಿದೊಡನೆ ಕಾವಿ ಬಣ್ಣದ ಗಸಿ ಕೂರುತ್ತದೆ, ಕಬ್ಬಿಣವನ್ನು ಬಳಸಿ ಬದುಕುವ ಬ್ಯಾಕ್ಟೀರಿಯಾಗಳು ಪಾತ್ರೆಯ ಒಳಮೈಗೆ ಜಾರುವ ಲೋಳೆಯನ್ನು ಹೊದಿಸುತ್ತವೆ ಮತ್ತು ಆ ಲೋಳೆಯ ಪೊರೆಯೊಳಗೆ ಅಡಗಿದ ರೋಗಾಣುಗಳನ್ನು ಕ್ಲೋರಿನ್ ತಲುಪುವುದಿಲ್ಲ. ಹಳೆಯ ನೀರನ್ನು ಚೆಲ್ಲಿ ಹೊಸ ನೀರು ತುಂಬುವುದರಿಂದ ಈ ಪೊರೆ ಹೋಗದು. ತೆಂಗಿನ ನಾರಿನಿಂದ ಉಜ್ಜಿ, ತೊಳೆದು, ಬಿಸಿಲಿಗೆ ಬೋರಲು ಹಾಕಿದರೆ ಮಾತ್ರ ಹೋಗುತ್ತದೆ. ಎರಡು ಪಾತ್ರೆಗಳನ್ನಿಟ್ಟು ದಿನಬಿಟ್ಟು ದಿನ ಬದಲಿಸಿದರೆ ಈ ಕೆಲಸ ಹಗುರವಾಗುತ್ತದೆ.

ಪಾತ್ರೆಗೆ ಹಣ ಖರ್ಚು ಮಾಡಬೇಕಾಗಿಲ್ಲ. ಎರಡು ಲೀಟರಿನ ಖಾಲಿ ಬಾಟಲಿಯ ಬಾಯಿಯ ಬಳಿ, ತಟ್ಟೆಯ ಅಂಚಿಗಿಂತ ಒಂದು ಬೆರಳಗಲ ಕೆಳಗೆ ಬರುವಂತೆ ಒಂದು ತೂತು ಮಾಡಿ, ನೀರು ತುಂಬಿ ಮುಚ್ಚಳ ಬಿಗಿದು ತಟ್ಟೆಯ ಮೇಲೆ ಬೋರಲಾಗಿ ನಿಲ್ಲಿಸಿದರೆ, ತಟ್ಟೆಯ ನೀರು ತೂತನ್ನು ಮುಚ್ಚುವವರೆಗೆ ಏರಿ ತಾನಾಗಿ ನಿಲ್ಲುತ್ತದೆ. ಹೊರಗಿನ ಗಾಳಿಯ ಒತ್ತಡ ಒಳಗಿನ ನೀರನ್ನು ತಡೆದು ಹಿಡಿಯುವುದರಿಂದ, ಕೋಳಿ ಕುಡಿದು ಮಟ್ಟ ಇಳಿದಾಗಷ್ಟೇ ತೂತಿನಿಂದ ಗಾಳಿ ಒಳಹೊಕ್ಕು ಅಷ್ಟೇ ನೀರು ಹೊರಬರುತ್ತದೆ. ಹೀಗೆ ಹೆಚ್ಚಿನ ನೀರು ಮುಚ್ಚಿದ ಬಾಟಲಿಯಲ್ಲೇ ಉಳಿದು, ಕೊಕ್ಕಿಗೆ ತೆರೆದುಕೊಳ್ಳುವುದು ಸುತ್ತಲಿನ ಕಿರಿದಾದ ಅಂಚು ಮಾತ್ರ. ಕೋಳಿ ಅದರೊಳಗೆ ಕಾಲಿಡಲಾಗದು. ತಟ್ಟೆಯ ಅಂಚು ಹಕ್ಕಿಯ ಬೆನ್ನಿನ ಮಟ್ಟಕ್ಕೆ ಬರುವಂತೆ ಒಂದೋ ಎರಡೋ ಮುರಕಲ್ಲಿನ ಮೇಲಿಡಬೇಕು. ಕೆಳಗಿಟ್ಟರೆ ಕೆದರಿದ ಮಣ್ಣು ಬೀಳುತ್ತದೆ, ತೀರ ಎತ್ತರಕ್ಕಿಟ್ಟರೆ ಎಳೆಯವು ಬಾಯಾರಿ ಉಳಿಯುತ್ತವೆ. ಕಲ್ಲಿನ ಸುತ್ತ ಗೇಣುದ್ದ ಅಗೆದು ಜಲ್ಲಿ ತುಂಬಿದರೆ ಚೆಲ್ಲಿದ ನೀರು ಕೊಚ್ಚೆಯಾಗುವುದಿಲ್ಲ. ಹೂಮರಿಗಳ ತಟ್ಟೆಗೆ ತೊಳೆದ ಸಣ್ಣ ಕಲ್ಲುಗಳನ್ನು ಹಾಕಿದರೆ ಅವು ನೀರಿಗೆ ಬಿದ್ದು ನೆನೆದು ಸಾಯುವುದು ತಪ್ಪುತ್ತದೆ. ಇಂತಹ ಮರಿಗಳಿಗೆ ಮೊದಲ ಎರಡು ವಾರ ಕಾಯಿಸಿ ಆರಿಸಿದ ನೀರೇ ಉತ್ತಮ. ಅಡಿಕೆ ಸೋಗೆ, ತೆಂಗಿನ ಮಡಲು ಉರಿಸುವ ಬಚ್ಚಲ ಒಲೆ ಇರುವ ಮನೆಗಳಲ್ಲಿ ಇದಕ್ಕೆ ಬೇರೆ ಸೌದೆ ಬೇಡ, ಸ್ನಾನವೆಲ್ಲ ಮುಗಿದ ಮೇಲೆ ಅದೇ ಉರಿಯಲ್ಲಿ ಒಂದು ಪಾತ್ರೆ ನೀರು ಕುದಿಸಿ ಮುಚ್ಚಿಟ್ಟರೆ ಸಾಕು.

ಕತ್ತಲಲ್ಲಿ ಕೋಳಿ ನೀರು ಕುಡಿಯುವುದಿಲ್ಲ. ಗೂಡು ಸೇರಿಸುವ ಹೊತ್ತಿಗೆ ಪಾತ್ರೆಯನ್ನು ಚೆಲ್ಲಿ ಬೋರಲು ಹಾಕಿ, ಬೆಳಿಗ್ಗೆ ಬಾಗಿಲು ತೆಗೆಯುವ ಮುನ್ನ ಹೊಸ ನೀರು ತುಂಬುವ ಒಂದೇ ಅಭ್ಯಾಸದಿಂದ ಹಲವು ಪ್ರಯೋಜನಗಳಿವೆ. ನೀರು ಒಂದು ದಿನಕ್ಕಿಂತ ಹಳತಾಗುವುದಿಲ್ಲ. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಬೇಕಾದ ಒಂದು ವಾರದ ಅವಕಾಶ ಸಿಗುವುದಿಲ್ಲ. ರಾತ್ರಿ ನೀರಿಗೆ ಬರುವ ಇಲಿಗಳಿಗೆ ಅಲ್ಲೇನೂ ಉಳಿಯುವುದಿಲ್ಲ. ಇಲಿಯ ಮೂತ್ರದಿಂದ ಹರಡುವ ಇಲಿಜ್ವರ ಕರಾವಳಿಯ ಮಳೆಗಾಲದಲ್ಲಿ ಮನುಷ್ಯರನ್ನು ಕಾಡುವ ರೋಗವಾದ್ದರಿಂದ, ಕೋಳಿಪಾತ್ರೆಯನ್ನು ಬರಿಗೈಯಲ್ಲಿ ತೊಳೆಯುವವರ ಕ್ಷೇಮವೂ ಇದರಲ್ಲಿ ಸೇರಿದೆ.

ಆ ತೊಳೆಯುವ ಕೈ ಹೆಚ್ಚಾಗಿ ಹೆಂಗಸರದು. ತೋಟದ ಲೆಕ್ಕ ಗಂಡಸರದಾದರೂ ಕೋಳಿ-ಮೊಟ್ಟೆಯ ಪುಟ್ಟ ಆದಾಯ ಮನೆಯ ಹೆಂಗಸರ ಕೈಯಲ್ಲಿ ನಿಲ್ಲುವುದು ಈ ಭಾಗದಲ್ಲಿ ಸಾಮಾನ್ಯ, ಅದನ್ನು ಕಾಯುವ ದುಡಿಮೆಯೂ ಅವರದೇ. ಬಾವಿ ಬತ್ತಿ ತೋಟಕ್ಕೂ ಅಡುಗೆಗೂ ನೀರು ಸಾಲದ ಏಪ್ರಿಲ್‌ನಲ್ಲಿ ಕೋಳಿಗೂ ನೀರು ಹೊರಿ ಎಂದು ಉಪದೇಶಿಸುವ ಮುನ್ನ ಎಷ್ಟು ನೀರು ಎಂಬ ಲೆಕ್ಕ ಹೇಳುವುದು ನ್ಯಾಯ. ಹತ್ತು ಕೋಳಿಗಳಿಗೆ ಸಾಮಾನ್ಯ ದಿನಗಳಲ್ಲಿ ಎರಡರಿಂದ ಮೂರು ಲೀಟರ್, ಕಡುಬೇಸಿಗೆಯಲ್ಲಿ ಐದು ಲೀಟರ್, ಪಾತ್ರೆ ತೊಳೆಯಲು ಇನ್ನೊಂದು ಲೀಟರ್. ಜಲಜೀವನ್ ಮಿಷನ್ ಒಬ್ಬರಿಗೆ ದಿನಕ್ಕೆ 55 ಲೀಟರ್ ಎಂಬ ಗುರಿಯಿಟ್ಟುಕೊಂಡಿದೆ. ನಾಲ್ವರ ಮನೆಯೊಂದಕ್ಕೆ ಅದು 220 ಲೀಟರ್. ಅದರಲ್ಲಿ ಆರು ಲೀಟರಿನಿಂದ ಹತ್ತು ಹಕ್ಕಿಗಳ ಜೀವ ಉಳಿಯುತ್ತದೆ. ಬೇಸಿಗೆಯಲ್ಲಿ ಪಾತ್ರೆಯನ್ನು ಹಲಸಿನ ಅಥವಾ ಮಾವಿನ ನೆರಳಿನಡಿ, ಕೋಳಿಗಳು ಮಧ್ಯಾಹ್ನ ಮಣ್ಣು ಕೆದರಿ ಮಲಗುವ ಜಾಗದ ಪಕ್ಕದಲ್ಲೇ ಇಟ್ಟು, ಹನ್ನೆರಡರ ಹೊತ್ತಿಗೆ ಒಮ್ಮೆ ನೀರು ಬದಲಿಸುವುದು ಅಗತ್ಯ. ಮಣ್ಣಿನ ಚಟ್ಟಿ ನೀರನ್ನು ತಂಪಾಗಿಡುತ್ತದೆ ಎಂಬ ನಂಬಿಕೆ ಸರಿಯಾದುದೇ, ಆದರೆ ಚಟ್ಟಿಯ ತಂಪು ಅದರ ಮೈಯಿಂದ ನೀರು ಆವಿಯಾಗುವುದರಿಂದ ಬರುವಂಥದು. ಗಾಳಿಯೇ ತೇವದಿಂದ ತುಂಬಿದ ಕರಾವಳಿಯ ಸೆಕೆಯಲ್ಲಿ ಆ ತಂಪು ಬಯಲುಸೀಮೆಯಷ್ಟು ಸಿಗದು, ಮತ್ತು ಚಟ್ಟಿಯ ರಂಧ್ರಗಳಲ್ಲಿ ಲೋಳೆ ಬೇಗ ಕೂರುತ್ತದೆ. ನೆರಳು ಚಟ್ಟಿಗಿಂತ ಮುಖ್ಯ.

ಕೊನೆಯದಾಗಿ, ನೀರಿನ ಶುದ್ಧೀಕರಣವನ್ನು ತಿಳಿಯದೆ ಮಾಡಿದರೆ ತಿರುಗಿ ಕೆಡುಕಾಗುವ ಒಂದು ಸಂದರ್ಭವಿದೆ. ಅದು ಕೊಕ್ಕರೆ ರೋಗದ ಲಸಿಕೆಯ ದಿನ. ಮರಿಗಳಿಗೆ ಮೊದಲ ವಾರದಲ್ಲಿ ಕಣ್ಣಿಗೆ ಹನಿಯಾಗಿ ಕೊಡುವ ಲಸೋಟಾ ಲಸಿಕೆಯನ್ನು ನಾಲ್ಕನೆಯ ವಾರದ ಹೊತ್ತಿಗೆ ಕುಡಿಯುವ ನೀರಿನಲ್ಲಿ ಮತ್ತೊಮ್ಮೆ ಕೊಡುವುದು ವಾಡಿಕೆ, ಎಂಟನೆಯ ವಾರದಲ್ಲಿ ಚರ್ಮದಡಿಗೆ ಚುಚ್ಚುವ ಆರ್‌2ಬಿ ಲಸಿಕೆ ಬರುತ್ತದೆ. ಲಸೋಟಾದಲ್ಲಿರುವುದು ರೋಗ ತರದಷ್ಟು ದುರ್ಬಲವಾದ, ಆದರೆ ಜೀವಂತ ವೈರಾಣು. ಕ್ಲೋರಿನ್ ಅದನ್ನೂ ಕೊಲ್ಲುತ್ತದೆ. ಆದ್ದರಿಂದ ಆ ದಿನ ಪಂಚಾಯಿತಿಯ ನಲ್ಲಿ ನೀರನ್ನಾಗಲಿ, ಬ್ಲೀಚಿಂಗ್ ಪುಡಿ ಹಾಕಿದ ಬಾವಿಯ ನೀರನ್ನಾಗಲಿ ಬಳಸದೆ, ಕುದಿಸಿ ಆರಿಸಿದ ನೀರಿಗೆ ಲೀಟರಿಗೆ ಎರಡೂವರೆ ಗ್ರಾಮಿನಷ್ಟು ಕೆನೆರಹಿತ ಹಾಲಿನ ಪುಡಿ ಬೆರೆಸಿ, ಸೋಪು ತಾಗದ ಪ್ಲಾಸ್ಟಿಕ್ ಪಾತ್ರೆಯಲ್ಲಿ ಲಸಿಕೆ ಕಲಸಬೇಕು; ಉಳಿದಿರಬಹುದಾದ ಅಲ್ಪಸ್ವಲ್ಪ ಕ್ಲೋರಿನ್ನನ್ನು ಹಾಲಿನ ಪ್ರೋಟೀನ್ ನಿಷ್ಕ್ರಿಯಗೊಳಿಸುತ್ತದೆ. ಶೆಡ್ಡಿನ ಕೋಳಿಗಳಿಗೆ ಇಷ್ಟೇ ಸಾಕು. ಹಿತ್ತಲ ಕೋಳಿಗಳ ತೊಡಕು ಬೇರೆ: ಬಾಗಿಲು ತೆರೆದೊಡನೆ ಅವು ಸೂರಿನ ಗುಳಿಯಲ್ಲೋ ತೋಟದ ಕಣಿಯಲ್ಲೋ ಬಾಯಾರಿಕೆ ತೀರಿಸಿಕೊಂಡು ಬಿಡುತ್ತವೆ ಮತ್ತು ಲಸಿಕೆಯ ನೀರು ಪಾತ್ರೆಯಲ್ಲೇ ಉಳಿದು ಎರಡು ಗಂಟೆಯೊಳಗೆ ನಿಷ್ಪ್ರಯೋಜಕವಾಗುತ್ತದೆ. ಆದಕಾರಣ ಲಸಿಕೆಯ ನೀರನ್ನು ಬೆಳಗಿನ ಜಾವ, ಗೂಡಿನ ಬಾಗಿಲು ತೆಗೆಯುವ ಮೊದಲೇ, ರಾತ್ರಿಯಿಡೀ ನೀರಿಲ್ಲದೆ ಇದ್ದ ಕೋಳಿಗಳ ಮುಂದೆ ಒಳಗೇ ಇಟ್ಟು, ಎಲ್ಲವೂ ಕುಡಿದದ್ದನ್ನು ಕಣ್ಣಾರೆ ನೋಡಿದ ಮೇಲೆ ಹೊರಗೆ ಬಿಡಬೇಕು. ಲಸಿಕೆಯ ಪುಟ್ಟ ಶೀಶೆಯೊಂದರಲ್ಲಿ ನೂರು ಅಥವಾ ಅದಕ್ಕೂ ಹೆಚ್ಚು ಹಕ್ಕಿಗಳಿಗಾಗುವಷ್ಟು ಪ್ರಮಾಣವಿದ್ದು, ಒಮ್ಮೆ ಕಲಸಿದ ಮೇಲೆ ಅದನ್ನು ಮರುದಿನಕ್ಕೆ ಇಡಲಾಗದು. ಹತ್ತು ಕೋಳಿಗಳ ಒಂದು ಮನೆ ಅದನ್ನು ಒಂಟಿಯಾಗಿ ತಂದರೆ ಹೆಚ್ಚಿನ ಪಾಲು ಚೆಲ್ಲಿಹೋಗುತ್ತದೆ. ನೆರೆಯ ಎಂಟು ಹತ್ತು ಮನೆಗಳು ಸೇರಿ, ಹಿಂದಿನ ದಿನ ಪಶು ಆಸ್ಪತ್ರೆಯಿಂದ ಮಂಜುಗಡ್ಡೆಯ ಡಬ್ಬಿಯಲ್ಲಿ ಶೀಶೆ ತಂದು, ಮುಂಜಾನೆ ಒಂದೇ ಹೊತ್ತಿಗೆ ಕಲಸಿ ಹಂಚಿಕೊಂಡರೆ ಆ ಓಣಿಯ ಅಷ್ಟೂ ಗೂಡುಗಳಿಗೆ ಒಂದೇ ಶೀಶೆ ಸಾಲುತ್ತದೆ.